ಸುಳ್ಳುಪತ್ತೆ ಯಂತ್ರ ಮತ್ತು ಒಣಮೀನು

ದೋಹಾದ ಮುಶೈರಿಬ್‌ನಲ್ಲೊಂದು ಸಮ್ಮೇಳನ; ಮೈಕು, ವೈರು ಜೋಡಿಸುವ ಕೆಲಸ ನನ್ನದು. ಇಂಗ್ಲೆಂಡಿನಿಂದ ಬಂದ ಮೇಡಂ ಒಬ್ಬರು ಸುಳ್ಳುಪತ್ತೆ ಯಂತ್ರ ತಂದಿದ್ದರು. ಅವರ ದೇಶದಲ್ಲಿ ಲೈಂಗಿಕ ಅಪರಾಧ ಮಾಡಿ ಜೈಲಿನಿಂದ ಹೊರಬಂದವರನ್ನು ಆಗಾಗ ಅದರ ಮುಂದೆ ಕೂರಿಸಿ, ಬಿಡುಗಡೆಯ ಷರತ್ತು ಮುರಿದಿರಾ ಅಂತ ಕೇಳುತ್ತಾರಂತೆ.

"ಸುಳ್ಳನ್ನು ಕರೆಕ್ಟಾಗಿ ಹಿಡಿಯುತ್ತದಾ?" ಅಂದೆ.

"ಯಾವಾಗಲೂ ಇಲ್ಲ. ಆದರೆ ಕುರ್ಚಿಯಲ್ಲಿ ಕೂತರೆ ಹಲವರು ತಾವೇ ಬಾಯಿಬಿಡುತ್ತಾರೆ."

ಡೆಮೊಗೆ ನಮ್ಮ ಮಂಗಳೂರಿನ ಬಾಸ್ ಎದೆಯುಬ್ಬಿಸಿ ಕೂತರು. ಆಫೀಸಿನ ಮೈಕ್ರೋವೇವ್‌ನಲ್ಲಿ ಒಣಮೀನು ಬಿಸಿ ಮಾಡಿ ಇಡೀ ಮಹಡಿ ನಾರಿಸಿದೆ ಅಂತ ಹಿಂದಿನ ವಾರ ನನಗೆ ವಾರ್ನಿಂಗ್ ಕೊಟ್ಟಿದ್ದು ಇವರೇ. ನಾನಲ್ಲ ಅಂದರೂ ಕೇಳಿರಲಿಲ್ಲ.

ಮೇಡಂ ಬಾಸ್ ಬೆರಳಿಗೆ ಯಂತ್ರದ ಪಟ್ಟಿ ಸುತ್ತಿ, "ಶುರು ಮಾಡುವ ಮುಂಚೆ ಏನಾದರೂ ಹೇಳುವುದಿದೆಯಾ?" ಅಂದರು.

ಬಾಸ್ ನನ್ನ ಕಡೆ ತಿರುಗಿದರು. "ಆ ಒಣಮೀನು ನಂದೇ ಮಾರಾಯ."

ಯಂತ್ರದ ಪ್ಲಗ್ ಇನ್ನೂ ನನ್ನ ಕೈಯಲ್ಲೇ ಇತ್ತು. ಬೇರೆ ಏನಾದರೂ ಹೊರಬರಬಹುದು ಅಂತ ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡು ನಿಂತೆ.