ನಡುಗೋಡೆಯ ಆಚೆಯಿಂದ

ವರ್ಲೀನ್ ಸತ್ತವಳ ಕೈಲಿ ಸಂಸಾರ ಮಾಡಿಸ್ತಾಳೆ ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ಪೂರಾ ಸುಳ್ಳೇನಲ್ಲ. ಪಕ್ಕದ ಮನೆಯ ಡೆಲ್ಫೀನ್ ತೀರಿಕೊಂಡ ಮೇಲೂ ಅವಳ ಕಿಟಕಿಯ ಪರದೆ ಆಗಾಗ ಬದಲಾಗುತ್ತಿತ್ತು, ಮೆಟ್ಟಿಲ ಮೇಲೆ ಹೂವಿನ ಕುಂಡ ಇರುತ್ತಿತ್ತು, ಹಿತ್ತಲ ಹಗ್ಗದಲ್ಲಿ ಬಟ್ಟೆ ಹಾರಾಡುತ್ತಿತ್ತು. ಎಲ್ಲವೂ ವರ್ಲೀನಳ ಕೈವಾಡ.

"ಏನ್ ಮಿಸ್ ವರ್ಲೀನ್, ನಿಮ್ ದೆವ್ವದ ಬಟ್ಟೆ ಒಣಗ್ತಾ?" ಎಂದು ಎದುರುಮನೆಯ ಕ್ಲಿಯೋಫಸ್ ತನ್ನ ಮೆಟ್ಟಿಲಿಂದಲೇ ಕೂಗುತ್ತಿದ್ದ.

"ಒಣಗ್ತು ಕಣೋ. ನಿನ್ನ ಬಾಯೊಂದು ಒಣಗ್ಲಿಲ್ಲ ನೋಡು."

ಅವಳು ಹೀಗೆ ಮಾಡುವುದೇಕೆಂದು ಅವನಿಗೂ ಗೊತ್ತಿತ್ತು. ಸೇಂಟ್ ಲೂಯಿಸ್‌ನ ಉತ್ತರ ಭಾಗದ ಆ ಬೀದಿಯನ್ನು ಇಟ್ಟಿಗೆ ಕಳ್ಳರು ಮೇಯುತ್ತ ಬಂದಿದ್ದರು. ಊರಿನ ಜೇಡಿಮಣ್ಣನ್ನೇ ಸುಟ್ಟು ಮಾಡಿದ ಕೆಂಪು ಇಟ್ಟಿಗೆ. ಹೊಸ ಮನೆಗೆ ಹಳೆಯ ಕಳೆ ಬೇಕೆನ್ನುವ ದಕ್ಷಿಣದ ರಾಜ್ಯಗಳ ಸಿರಿವಂತರು ಮುಗಿಬಿದ್ದು ಕೊಳ್ಳುತ್ತಿದ್ದರು. ನಗರಸಭೆಯವರು ಬಂದು, ಕಿಟಕಿಗಳ ಮೇಲಿನ ಕಮಾನುಗಳನ್ನು ಹೊಗಳಿ, ಮೂಲೆಯಲ್ಲಿ ‘ಐತಿಹಾಸಿಕ ಬಡಾವಣೆ’ ಎಂಬ ಫಲಕ ನೆಟ್ಟು ಹೋದರು. "ಕಳ್ರಿಗೆ ವಿಳಾಸ ಹುಡ್ಕೋ ಕೆಲ್ಸ ತಪ್ತು ಬಿಡಿ" ಎಂದು ಕ್ಲಿಯೋಫಸ್ ನಕ್ಕಿದ್ದ.

ಖಾಲಿ ಮನೆ ಕಂಡರೆ ಕಳ್ಳರು ಗೋಡೆ ಕಿತ್ತು ಇಟ್ಟಿಗೆ ಒಯ್ಯದೆ ಬಿಡುವವರಲ್ಲ. ಡೆಲ್ಫೀನಳ ಮನೆಗೂ ವರ್ಲೀನಳ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಅದು ಹೋದರೆ ಇದೂ ನಿಲ್ಲದು.

ಡೆಲ್ಫೀನ್ ಇದ್ದಾಗ ಆ ಗೋಡೆಯೇ ಗೆಳತಿಯರ ಟೆಲಿಫೋನು. ಬೆಳಿಗ್ಗೆ ವರ್ಲೀನ್ ಚಮಚದ ಹಿಡಿಯಿಂದ ಎರಡು ಸಲ ಕುಟ್ಟುವಳು: ಎದ್ದೆಯಾ? ಆಚೆಯಿಂದ ಮೂರು ಕುಟ್ಟು: ಎದ್ದೆ, ಕಾಫಿಗೆ ಬಾ. ಡೆಲ್ಫೀನ್ ಹೋದರೂ ವರ್ಲೀನಳ ಕೈ ಆ ಚಾಳಿ ಬಿಡಲಿಲ್ಲ. ಕುಟ್ಟುವಳು, ಗೋಡೆ ಸುಮ್ಮನಿರುವುದು, ಒಬ್ಬಳೇ ಕಾಫಿ ಕುಡಿಯುವಳು.

ಆ ಚಳಿಗಾಲ ಹಿಂಬಾಗಿಲ ಮೆಟ್ಟಿಲ ಮೇಲೆ ಮಂಜುಗಡ್ಡೆ ಕಟ್ಟಿತು. ಮಂಡಿನೋವಿನ ವರ್ಲೀನ್ ಹಿತ್ತಲಿಗೆ ಇಳಿಯುವುದನ್ನೂ ಪಕ್ಕದ ಮನೆಯೊಳಗೆ ಹೋಗುವುದನ್ನೂ ಬಿಟ್ಟಳು. ಒಂದು ಬೆಳಿಗ್ಗೆ ಎಂದಿನಂತೆ ಕುಟ್ಟಿದಳು.

ಆಚೆಯಿಂದ ಟಕ್, ಟಕ್, ಟಕ್.

ಅವಳು ಗೋಡೆಗೆ ಕೆನ್ನೆ ಒತ್ತಿ ನಿಂತಳು, ಕಾಫಿ ಉಕ್ಕಿ ಒಲೆಯೆಲ್ಲ ಆದದ್ದೂ ತಿಳಿಯಲಿಲ್ಲ. ಮರುದಿನವೂ ಉತ್ತರ ಬಂತು. ಅದರ ಮರುದಿನವೂ. ಮೇಜಿನ ಮೇಲೆ ಎರಡನೇ ಬಟ್ಟಲು ಬಂದು ಕೂತಿತು.

"ಡೆಲ್ಫೀನ್ ಮಾತಾಡ್ತಿದಾಳೆ ಕಣೋ" ಎಂದು ಕ್ಲಿಯೋಫಸ್‌ಗೆ ಹೇಳಿದಳು.

ಅವನು ನಗಲಿಲ್ಲ. "ಮಿಸ್ ವರ್ಲೀನ್, ಒಂದ್ಸಲ ಹಿಂದಕ್ಕೆ ಹೋಗಿ ನೋಡ್ಕೊಂಡು ಬರ್ಲಾ?"

"ಅಡುಗೆಮನೇಲಿರೋ ಹೆಂಗಸನ್ನ ಇಣುಕಿ ನೋಡ್ತೀಯಾ? ನಿಮ್ಮಮ್ಮ ಇದನ್ನೇ ಕಲಿಸಿದ್ದಾ? ಆ ಹಿತ್ತಲಿಗೆ ಕಾಲಿಟ್ಟರೆ ಜೋಕೆ!"

ಅವಳಿಗೇನು ಅನುಮಾನ ಇರಲಿಲ್ಲವೇ? ಇತ್ತು. ಆದರೆ ನೋಡಿ, ಅದು ಡೆಲ್ಫೀನ್ ಅಲ್ಲವೆಂದಾದರೆ, ಮತ್ತೆ ಆ ಮೂಕ ಗೋಡೆಯ ಜೊತೆ ಬಾಳಬೇಕಲ್ಲ.

ಮಂಜು ಕರಗುವ ಹೊತ್ತಿಗೆ ಅವಳ ಕಾಫಿಯ ಮೇಲೆ ಕೆಂಪು ಧೂಳು ತೇಲಿತು. ತಲೆ ಎತ್ತಿದರೆ ನಡುಗೋಡೆಯ ಬಿರುಕಿನಲ್ಲಿ ಬಿಸಿಲು. ಕೀಲಿ ಹಿಡಿದು ಪಕ್ಕದ ಮುಂಬಾಗಿಲಿಗೆ ಹೋದಳು. ಕುಂಡ ಇದ್ದಲ್ಲೇ ಇತ್ತು, ಪರದೆ ಇದ್ದಲ್ಲೇ ಇತ್ತು. ಬಾಗಿಲು ತೆಗೆದರೆ ಒಳಗೆ ಆಕಾಶ. ಹಿಂಬದಿಯ ಮಾಡು ಕುಸಿದಿತ್ತು, ಹಿಂದಿನ ಗೋಡೆ ಇರಲಿಲ್ಲ, ನಡುಗೋಡೆಯನ್ನೂ ಅರ್ಧ ಕೆರೆದಿದ್ದರು. ನೆಲದಲ್ಲಿ ಮೊಂಡು ಉಳಿಯೊಂದು ಬಿದ್ದಿತ್ತು. ಕಳ್ಳರ ಕಣ್ಣು ತಪ್ಪಿಸಲು ಅವಳೇ ಹಾಕಿದ್ದ ಪರದೆ, ಬೀದಿಯ ಕಣ್ಣಿಂದ ಕಳ್ಳರನ್ನೇ ಕಾದಿತ್ತು.

ನಗರಸಭೆಯ ಎಂಜಿನಿಯರ್ ಬಂದು, ಈ ಗೋಡೆ ಹೊರೆ ತಡೆಯುವುದಿಲ್ಲ, ಮನೆ ಬಿಡಿ ಎಂದ. ವರ್ಲೀನಳನ್ನು ಅವಳ ತಂಗಿಯ ಮನೆಗೆ ಬಿಡಲು ಕ್ಲಿಯೋಫಸ್ ಕಾರು ತಂದು ಗಂಟುಮೂಟೆ ತುಂಬಿದ. ವರ್ಲೀನ್ ತನ್ನ ಬಾಗಿಲಿಗೆ ಬೀಗ ಹಾಕಿದಳು. ಆದರೆ ಕಾರಿನತ್ತ ಹೋಗದೆ ಡೆಲ್ಫೀನಳ ಬಾಗಿಲು ತೆಗೆದು ಒಳಹೊಕ್ಕಳು. ಕ್ಲಿಯೋಫಸ್ ಹಿಂದೆಯೇ ಓಡಿದ.

ಇಟ್ಟಿಗೆ ಚೂರುಗಳ ನಡುವೆ ನಿಂತು ಅವಳು ನಡುಗೋಡೆಗೆ ಅಂಗೈ ಇಟ್ಟಳು. ಆಗ, ಈಗಷ್ಟೇ ಬೀಗ ಹಾಕಿದ ಅವಳ ಅಡುಗೆಮನೆಯಿಂದ, ಟಕ್, ಟಕ್.

ಕ್ಲಿಯೋಫಸ್ ಅವಳ ತೋಳು ಹಿಡಿದೆಳೆದ. "ಇಟ್ಟಿಗೆ ಸಡಿಲಾಗಿದೆ... ಬನ್ನಿ, ಬೇಗ ಬನ್ನಿ."

"ತಡಿಯೋ. ಕರೆದೋರಿಗೆ ಓಗೊಡದೆ ಹೋಗ್ತಾರಾ?"

ಕೋಟಿನ ಜೇಬಿನಿಂದ ಚಮಚ ತೆಗೆದು ಮೂರು ಸಲ ಮೆಲ್ಲಗೆ ಕುಟ್ಟಿದಳು. ಚಮಚವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಪರದೆ ಸರಿಮಾಡಿ, ಹೊರಗೆ ಬಂದು, ಹಿಂದೆ ಗೋಡೆಯೇ ಇಲ್ಲದ ಆ ಮನೆಗೆ ಬೀಗ ಹಾಕಿ, ಎಳೆದು ನೋಡಿ, ಮೆಟ್ಟಿಲಿಳಿದಳು.