ಪಡಸಾಲೆ ದಾಟದ ರೊಟ್ಟಿ

ಯಾವ ಧಾನ್ಯ ಉಂಡರೆ ಯಾವ ಕನಸು ಬೀಳುತ್ತದೆ ಎಂಬ ವಿಷಯದಲ್ಲಿ ನನ್ನಷ್ಟು ಅನುಭವ ಇದ್ದವರು ನಮ್ಮ ಸೀಮೆಯಲ್ಲಿ ಇನ್ನೊಬ್ಬರಿರಲಾರರು. ಇದು ಜಂಬವಲ್ಲ, ಮಧ್ಯಾಹ್ನ ಮಲಗುವ ಚಟ. ಅನ್ನ ಉಂಡು ಮಲಗಿದರೆ ನನಗೆ ನೀರಿನ ಕನಸು: ಕೆರೆ, ಹೊಳೆ, ಎಲ್ಲಿಗೋ ತೇಲಿಹೋಗುವ ತಾಮ್ರದ ಕೊಡ. ಗೋಧಿ ಹುಗ್ಗಿ ಉಂಡ ದಿನ ಮದುವೆಮನೆಯ ಕನಸು; ಯಾರ ಮದುವೆ ಎಂಬುದು ಮಾತ್ರ ಕಡೆಗೂ ತಿಳಿಯುವುದಿಲ್ಲ. ಸಜ್ಜೆ ಉಂಡರೆ ತೀರಿಹೋದ ಹಿರಿಯರೆಲ್ಲ ಬಂದು ಕಟ್ಟೆಯ ಮೇಲೆ ಸುಮ್ಮನೆ ಕೂತು ಹೋಗುತ್ತಾರೆ. ಜೋಳದ ರೊಟ್ಟಿ ಉಂಡರೆ ಕನಸೇ ಇಲ್ಲ. ಬಾವಿಗೆ ಕಲ್ಲು ಬಿದ್ದ ಹಾಗೆ ನಿದ್ದೆ. ಇದು ಜೋಳದ ದೋಷವೆಂದೇ ನಾನು ಬಹಳ ದಿನ ತಿಳಿದಿದ್ದೆ.

ತಿಳಿಯದೆ ಏನು ಮಾಡಲಿ, ನಾನು ರಾಯಚೂರಿನ ಅನ್ನದ ಮನೆಯವಳು. ತಂದೆಯವರು ಕಿಲ್ಲೆಯ ಹತ್ತಿರದ ಒಂದು ಗುಡಿಯಲ್ಲಿ ಪೂಜೆಗಿದ್ದರು. ದೇವರಿಗೆ ನೈವೇದ್ಯವಾದದ್ದೇ ನಮಗೆ ಊಟ, ನಮ್ಮ ದೇವರಿಗೆ ರೊಟ್ಟಿಯ ರೂಢಿ ಇರಲಿಲ್ಲ. ತಂದೆಯವರಿಗೆ ಸ್ವಲ್ಪ ವೈದ್ಯದ ಹುಚ್ಚೂ ಇತ್ತು. ಹೊಸ ಧಾನ್ಯ ಹೊಟ್ಟೆಗೆ ಭಾರ, ವರ್ಷ ಕಳೆದದ್ದು ಹಗುರ. ಜೋಳ ಒಣ ಗುಣದ್ದು, ಗೋಧಿ ಜಿಡ್ಡಿನ ಗುಣದ್ದು. ನವಣೆ ಇಂಥ ಋತುವಿಗೆ, ಸಜ್ಜೆ ಚಳಿಗಾಲಕ್ಕೆ. ಊಟಕ್ಕೆ ಕೂತಾಗಲೆಲ್ಲ ಇದನ್ನು ಹೇಳುವರು, ಅನ್ನ ತಣ್ಣಗಾಗುವವರೆಗೆ ಹೇಳುವರು. ಹೀಗೆ ಧಾನ್ಯಗಳನ್ನೆಲ್ಲ ಕಿವಿಯಿಂದ ಉಂಡು ಬೆಳೆದವಳನ್ನು ಮಾನ್ವಿಯ ಒಂದು ಜೋಳದ ಮನೆಗೆ ಕೊಟ್ಟರು.

ಆ ಮನೆಯಲ್ಲಿ ಮೂವರೇ. ನಮ್ಮವರು ಶಾಲೆಯ ಮಾಸ್ತರರು, ಪಾಠ ಹೇಳುವಾಗಲೂ ಕಿಟಕಿಯಾಚೆ ನೋಡುವ ಮನುಷ್ಯ. ನಮ್ಮ ಅತ್ತೆಯವರು ದೇವದುರ್ಗದ ಹೆಣ್ಣುಮಗಳು. ಮಾವ ತೀರಿದ ಮೇಲೆ ಕಟ್ಟಾ ಮಡಿ, ಮಧ್ಯಾಹ್ನ ಒಂದೇ ಹೊತ್ತು ಊಟ. ಆ ಒಂದು ಹೊತ್ತಿಗೆ ಅವರಿಗೆ ಬಿಸಿ ರೊಟ್ಟಿ ಬೇಕು. ಅವರು ರೊಟ್ಟಿ ಬಡಿದರೆ ಅಂಚು ಸೀಳುತ್ತಿರಲಿಲ್ಲ, ಹಂಚಿನ ಮೇಲೆ ಒಂದೇ ಉಸಿರಿಗೆ ಉಬ್ಬುತ್ತಿತ್ತು. ನಾನು ಬಡಿದದ್ದು ನಿಜಾಮರ ರಾಜ್ಯದ ನಕಾಶೆಯಾಗುತ್ತಿತ್ತು, ಜಿಲ್ಲೆಗಳು ಬೇರೆಬೇರೆಯಾಗಿ ಬೇಯುತ್ತಿದ್ದವು. "ನೀ ಸಾರು ನೋಡ್ಕೋ ತಾಯಿ," ಎಂದು ಅತ್ತೆಯವರು ನನ್ನನ್ನು ಒಲೆಯ ಮುಂದಿನಿಂದ ಎಬ್ಬಿಸಿಬಿಟ್ಟಿದ್ದರು. ನನಗೂ ಅದೇ ಬೇಕಾಗಿತ್ತು.

ಯುದ್ಧದ ಕಾಲ ಅದು. ಒಂದು ಬೇಸಿಗೆಯಲ್ಲಿ ನಮ್ಮವರು ವಿಷಮಜ್ವರಕ್ಕೆ ಬಿದ್ದರು. ವಾರಗಟ್ಟಲೆ ಇಳಿಯದ ಜ್ವರ. ರಾಯಚೂರಿನಿಂದ ಬಂದ ಡಾಕ್ಟರು, ಕರುಳು ಹುಣ್ಣಾಗಿರುತ್ತದೆ, ಜೋಳ ತೋರಿಸಲೂ ಬೇಡಿರಿ, ಜ್ವರ ಬಿಟ್ಟ ಮೇಲೆ ಹಾಲಿನಲ್ಲಿ ಡಬಲ್ ರೊಟ್ಟಿ ಕೊಡಿರಿ ಎಂದರು. ಡಬಲ್ ರೊಟ್ಟಿ, ಅಂದರೆ ಬ್ರೆಡ್ಡು, ಸಿಗುತ್ತಿದ್ದದ್ದು ರಾಯಚೂರು ಸ್ಟೇಷನ್ನಿನ ಹತ್ತಿರದ ಬೇಕರಿಯ ಭಟ್ಟಿಯಲ್ಲಿ. ಇದ್ದಿಲ ಗ್ಯಾಸಿನ ಬಸ್ಸಿನಲ್ಲಿ, ಮೈಯೆಲ್ಲ ಮಸಿಯಾದ ಡ್ರೈವರನ ಕೈಯಲ್ಲಿ, ಹಳೆಯ ಬಟ್ಟೆಯಲ್ಲಿ ಸುತ್ತಿಕೊಂಡು ಅದು ಮಾನ್ವಿಗೆ ಬರುತ್ತಿತ್ತು. ಯಾರು ನಾದಿದ್ದೋ, ಯಾವ ನೀರೋ. ಮಡಿಯ ಮನೆಯಲ್ಲಿ ಇದಕ್ಕೆ ಏನು ಗತಿ ಎಂದು ನಾನು ಹೆದರಿದ್ದೆ. ಅತ್ತೆಯವರು ಅದನ್ನು ದೂರದಿಂದ ನೋಡಿ, "ಇದು ಊಟ ಅಲ್ಲ, ಔಷಧ," ಎಂದು ತೀರ್ಪು ಕೊಟ್ಟರು. ಔಷಧವಾದ್ದರಿಂದ ಪಡಸಾಲೆಯ ಗೂಡಿನಲ್ಲಿ ಅದಕ್ಕೆ ಜಾಗ ಸಿಕ್ಕಿತು. ಪಡಸಾಲೆ ದಾಟಿ ಒಳಗೆ ಬರುವ ಹಾಗಿರಲಿಲ್ಲ.

ದೇವರ ದಯೆ, ಜ್ವರ ಬಿಟ್ಟಿತು. ನಮ್ಮವರು ಪಡಸಾಲೆಯ ಮಂಚದ ಮೇಲೆ ದಿಂಬಿಗೆ ಒರಗಿ ಡಬಲ್ ರೊಟ್ಟಿಯನ್ನು ಹಾಲಿನಲ್ಲಿ ಅದ್ದಿ ಅದ್ದಿ ತಿನ್ನತೊಡಗಿದರು. ಅವರಿಗೂ ಅದಕ್ಕೂ ಹೇಗೆ ಹೊಂದಿಕೆಯಾಯಿತೆಂದರೆ ಹೇಳತೀರದು. ಅಗಿಯಬೇಕಿಲ್ಲ, ನುಂಗಬೇಕೂ ಇಲ್ಲ, ತಾನೇ ಇಳಿದುಹೋಗುತ್ತದೆ. ತಿಂದು ಕಣ್ಣು ಅರೆಮುಚ್ಚಿ, "ಹೊಟ್ಟ್ಯಾಗ ಮೋಡ ಹೊಂಟಂಗ ಆಗ್ತದ ನೋಡು," ಎನ್ನುವರು. ಇಡೀ ಮಾನ್ವಿ ಬೆಳಿಗ್ಗೆ ಎದ್ದು ಡಬಲ್ ರೊಟ್ಟಿ ತಿನ್ನುವ ಕಾಲ ಬರುತ್ತದೆ, ಹೆಂಗಸರಿಗೆ ಬೀಸುವುದು ಬಡಿಯುವುದು ಎರಡೂ ತಪ್ಪುತ್ತವೆ ಎನ್ನುವರು. ಸಂತೆಯ ಹತ್ತಿರ ಒಂದು ಭಟ್ಟಿ ಹಾಕುವ ಯೋಚನೆಯೂ ಆ ಮಂಚದ ಮೇಲೆಯೇ ಹುಟ್ಟಿತು. ನಾನು ಬೀಸಣಿಗೆ ಬೀಸುತ್ತ ಕೇಳುವೆ. ಹೊರಗೆ ಸುಡುವ ಬಿಸಿಲು, ಒಳಗೆ ಹಾಲಿನ ವಾಸನೆ. ಕೇಳುತ್ತ ಕೇಳುತ್ತ ನನಗೂ ಜೊಂಪು ಹತ್ತಿ, ಬಿಳಿಯ ಮೆತ್ತನೆಯ ಇಟ್ಟಿಗೆಗಳಿಂದ ಕಟ್ಟಿದ ಊರಿನಲ್ಲಿ ನಡೆದುಹೋಗುವ ಕನಸು ಬೀಳುವುದು. ಗೋಡೆಗೆ ಕೈ ಊರಿದರೆ ಕೈ ಒಳಗೇ ಹೋಗುತ್ತಿತ್ತು.

ಡಾಕ್ಟರು ಮತ್ತೊಮ್ಮೆ ಬಂದು ನಾಲಿಗೆ ನೋಡಿ, ಹೊಟ್ಟೆ ಒತ್ತಿ, ಎಲ್ಲಾ ನೆಟ್ಟಗಾಗಿದೆ, ಇನ್ನು ರೊಟ್ಟಿಯನ್ನೂ ಚೆನ್ನಾಗಿ ಅಗಿದು ತಿನ್ನಬಹುದು ಎಂದು ಹೋದರು. ನಮ್ಮವರು ಮಾತ್ರ ಮೋಡದಿಂದ ಇಳಿಯಲಿಲ್ಲ.

ಇತ್ತ ಅತ್ತೆಯವರು ಸೊರಗುತ್ತಿದ್ದರು. ಮಗ ಮಲಗಿದಂದಿನಿಂದ ಮನೆಯಲ್ಲಿ ರೊಟ್ಟಿಯೇ ಇರಲಿಲ್ಲ. ಜ್ವರದವನಿರುವ ಮನೆಯಲ್ಲಿ ಅದರ ವಾಸನೆ ಬೇಡ ಎಂದಿದ್ದರು, ನಾನು ಒಳಗೊಳಗೇ ಹಿಗ್ಗಿ ಅನ್ನ ಉಂಡಿದ್ದೆ. ಅವರ ಎಲೆಗೆ ನವಣೆಯ ಗಂಜಿ, ಅದೂ ಅರ್ಧ. ಜ್ವರ ಹೋದ ಮೇಲೂ ಅದೇ ಗಂಜಿ. ಹುಟ್ಟಿದಂದಿನಿಂದ ಜೋಳ ತಿಂದ ಜೀವ, ಗಂಜಿಗೆ ಎಲ್ಲಿ ನಿಂತೀತು? ಕೊಡ ಎತ್ತುವಾಗ ಗೋಡೆ ಹಿಡಿಯತೊಡಗಿದರು. ಒಂದು ದಿನ ಹಿತ್ತಲಲ್ಲಿ ತುಳಸಿಗೆ ನೀರು ಹಾಕುತ್ತ ಹಾಗೇ ಕುಸಿದು ಕೂತುಬಿಟ್ಟರು. ನಾನು ಓಡಿಹೋಗಿ ಹಿಡಿದುಕೊಂಡೆ.

"ಅತ್ತಿಯವರ, ನಾನು ಕೈಮುಗೀತೀನಿ, ಇವತ್ತರ ಒಂದು ರೊಟ್ಟಿ ಬಡಕೊಂಡು ಉಣ್ಣರಿ," ಎಂದೆ.

"ಆಗೂದಿಲ್ಲವಾ," ಎಂದರು. ತುಳಸಿಕಟ್ಟೆಗೆ ಒರಗಿ ಕೂತು, "ನಿನಗ ಗೊತ್ತಿಲ್ಲ. ಇವಂಗಿಂತ ಮೊದಲ ನನಗ ಒಬ್ಬ ಮಗ ಇದ್ದ. ಇದ ಜ್ವರ. ಜ್ವರ ಬಿಟ್ಟಿತ್ತು, ನಗತಿದ್ದ. ಅವ್ವಾ, ರೊಟ್ಟಿ ಕೊಡು ಅಂದ. ಹಸದಾನ ಕೂಸು ಅಂತ ನಾನ ಬಡದು, ಬೆಣ್ಣಿ ಹಚ್ಚಿ ಕೊಟ್ಟೆ. ಅವತ್ತ ಸಂಜಿಗೆ ಹೊಟ್ಟಿ ಹಿಡಕೊಂಡ. ಉಳೀಲಿಲ್ಲ," ಎಂದರು.

ಅತ್ತೆಯವರು ಮುಂದುವರಿಸಿದರು. "ಅದಕ್ಕ ಈ ತುಳಸಿ ಮುಂದ ನಿಂತು ಅಂದೀನಿ. ಇವ ರೊಟ್ಟಿ ಉಂಡು ದಕ್ಕಿಸಿಕೊಳ್ಳೋ ತನಕ ನನಗ ರೊಟ್ಟಿ ಬ್ಯಾಡ ಅಂತ."

"ಇಷ್ಟ ಹೌದಿಲ್ಲೋ? ಈಗ ಹೋಗಿ ಅವರಿಗೆ ಹೇಳ್ತೀನಿ. ಇವತ್ತ ಉಣ್ತಾರ."

"ಹೇಳಬ್ಯಾಡ. ನನ್ನ ಸಲುವಾಗಿ ಉಂಡ್ರ ಅದೂ ಔಷಧ ನುಂಗಿದಂಗ. ಅವಂಗ ಹಸಿವ್ಯಾಗಬೇಕು, ಅವನ ಬಾಯಿಬಿಟ್ಟು ಕೇಳಬೇಕು. ಮತ್ತ ನಾ ಬಡಿಯೂದಿಲ್ಲ. ಈ ಕೈ ಬ್ಯಾಡ." ಎಂದು ತಮ್ಮ ಅಂಗೈಯನ್ನು ಸೆರಗಿನೊಳಗೆ ಮರೆಮಾಡಿಕೊಂಡರು.

ಡಾಕ್ಟರು ಹೇಳಿದ್ದೆಲ್ಲ ಅವರೂ ಕೇಳಿದ್ದರು. ಆದರೆ ಅವರ ಲೆಕ್ಕದಲ್ಲಿ ಔಷಧ ತಿನ್ನುವವನು ರೋಗಿ. ಮಗ ಪಡಸಾಲೆಯಲ್ಲಿ ಮೋಡ ನುಂಗುತ್ತ ಸುಖವಾಗಿರುವಷ್ಟು ದಿನವೂ ಒಳಗೆ ಅವ್ವನಿಗೆ ಅವನು ಸಾಯುತ್ತಲೇ ಇದ್ದ. ಅಂದು ಮಧ್ಯಾಹ್ನ ಮೊದಲ ಸಲ ನನಗೆ ನಿದ್ದೆ ಬರಲಿಲ್ಲ.

ಮರುದಿನ ಬೆಳಗಾಗುತ್ತಲೇ ಜೋಳ ಬೀಸಿದೆ. ಹಳೆಯ ಹಿಟ್ಟಿಗೆ ಜಿಗಿ ಇರುವುದಿಲ್ಲ, ಅಷ್ಟು ನನಗೂ ಗೊತ್ತಿತ್ತು. ಮಡಿಯುಟ್ಟು, ಎಸರಿನ ನೀರು ಹಾಕಿ ನಾದಿ, ಊರಿಗೆಲ್ಲ ಕೇಳುವಂತೆ ಬಡಿದೆ. ಪಡಸಾಲೆಯಿಂದ ಧ್ವನಿ ಬಂತು. ಕೇಳಿಯೇಬಿಟ್ಟರು ಎಂದುಕೊಂಡೆ.

"ಅದೇನು ಸಪ್ಪಳನ ಮಾರಾಯ್ತಿ, ನಿದ್ದಿ ಹತ್ತವಲ್ದು," ಎಂದರು ನಮ್ಮವರು.

ಆ ರೊಟ್ಟಿಯ ತುಂಡುಗಳನ್ನು ನಾನೇ ತಿಂದೆ. ಸಿಟ್ಟಿಗೆ ತಿಂದೆನೋ ಹಸಿವೆಗೆ ತಿಂದೆನೋ, ಅದಕ್ಕೂ ಮರುದಿನ ಮತ್ತೆ ಬೀಸಿದೆ. ಅಂದು ಡ್ರೈವರು ಬರಿಗೈಯಲ್ಲಿ ಬಾಗಿಲಿಗೆ ಬಂದ. "ಇವತ್ತ ಡಬಲ್ ರೊಟ್ಟಿ ಇಲ್ರಿ ಯವ್ವಾ. ಭಟ್ಟಿಗೆ ಮೈದಾ ಬಂದಿಲ್ಲಂತ. ನಾಕು ದಿನ ತಡಾ ಅನ್ನಾಕತ್ತಾರ," ಎಂದ. ಯುದ್ಧದಿಂದ ಒಳ್ಳೆಯದೂ ಆಗುತ್ತದೆಂದು ನನಗೆ ಅಂದೇ ಅನ್ನಿಸಿದ್ದು. ಅನ್ನ ಮೊಸರು ಕೊಡಲೇ ಎಂದು ನಮ್ಮವರನ್ನು ನಾನು ಕೇಳಲಿಲ್ಲ, ಸುಮ್ಮನೆ ಒಳಗೆ ಹೋಗಿ ರೊಟ್ಟಿ ಬಡಿಯಲು ಕೂತೆ.

ಮೊದಲನೆಯದು ಹರಿಯಿತು. ಎರಡನೆಯದು ಹಂಚಿಗೆ ಬಿತ್ತು, ಅರ್ಧ ಉಬ್ಬಿತು. ಸುಟ್ಟ ಜೋಳದ ವಾಸನೆ ಮನೆಯೆಲ್ಲ ತುಂಬಿತು. ತಿರುಗಿ ನೋಡಿದರೆ ಅಡಿಗೆಮನೆಯ ಹೊಸ್ತಿಲಾಚೆ ನಮ್ಮವರು ಬಾಗಿಲು ಹಿಡಿದು ನಿಂತಿದ್ದಾರೆ, ನಿದ್ದೆಯಲ್ಲಿ ನಡೆದು ಬಂದವರ ಹಾಗೆ.

"ಯಾರು ಬಡೀಲಿಕತ್ತಾರ ಅಂತ ಬಂದೆ. ಇದು ಅವ್ವನ ಕೈ ಅಲ್ಲ," ಎಂದರು. ಆಮೇಲೆ, "ಭಾಳ ಹಸಿವ್ಯಾಗ್ಯದ. ಒಂದು ಕೊಡು," ಎಂದರು.

ಕೇಳಬೇಕೆಂದು ಹಾರೈಸಿದವಳೇ ನಾನು. ಕೇಳಿದ ಕೂಡಲೇ ನನಗೆ ಭಯವಾಯಿತು. ಆ ಇನ್ನೊಬ್ಬ ಹುಡುಗನೂ ಹೀಗೇ ನಿಂತು ಕೇಳಿದ್ದನಲ್ಲವೇ? ಅಡಿಗೆಮನೆಯ ಮೂಲೆಯಲ್ಲಿದ್ದ ಅತ್ತೆಯವರ ಕಡೆ ನೋಡಿದೆ. ಅವರು ಗೋಡೆಯ ಕಡೆ ತಿರುಗಿ ಕೂತಿದ್ದರು, ತುಟಿ ಮಾತ್ರ ಆಡುತ್ತಿತ್ತು. ಕೊಟ್ಟೆ. ನಮ್ಮವರು ಅಗಿದು ಅಗಿದು ಉಂಡರು. ಇನ್ನೂ ಅರ್ಧ ಬೇಕೆಂದರು.

ಆ ದಿನ ಅತ್ತೆಯವರು ಗಂಜಿಯನ್ನೂ ಮುಟ್ಟಲಿಲ್ಲ. ಇಡೀ ಮಧ್ಯಾಹ್ನ ಮಂಚದ ಎದುರು ಕೂತು ಮಗನ ಹೊಟ್ಟೆಯನ್ನೇ ನೋಡಿದರು. ನಮ್ಮವರು ಗೊರಕೆ ಹೊಡೆಯುತ್ತಿದ್ದರು. ಹಾಗೆ ನಿದ್ದೆ ಮಾಡಿದ್ದನ್ನು ನಾನು ಆ ಬೇಸಿಗೆಯಲ್ಲಿ ನೋಡಿರಲಿಲ್ಲ. ಸಂಜೆಯಾಯಿತು. ಅವರು ಎದ್ದು ಆಕಳಿಸಿ, ಕುಡಿಯಲು ನೀರು ಕೇಳಿದರು, ಅಷ್ಟೇ.

ಯಾವ ಧಾನ್ಯ ಮೈಗೆ ಒಳ್ಳೆಯದು ಎಂದು ನೀವು ಕೇಳಿದರೆ ತಂದೆಯವರ ಪಾಠವನ್ನೆಲ್ಲ ನಾನು ಈಗಲೂ ಒಪ್ಪಿಸಬಲ್ಲೆ. ಡಬಲ್ ರೊಟ್ಟಿಯ ಮೇಲೂ ನನಗೆ ದ್ವೇಷವಿಲ್ಲ, ನಮ್ಮವರ ಜೀವ ಹಿಡಿದದ್ದು ಅದು. ಆದರೆ ಒಳ್ಳೆಯ ಊಟ ಎಂದರೆ ಉಂಡವನು ಏಳುವುದಷ್ಟೇ ಅಲ್ಲ, ಅವನು ಎದ್ದನೆಂದು ಮನೆಯವರು ನಂಬುವುದೂ ಹೌದು. ಇದನ್ನು ತಂದೆಯವರು ಹೇಳಿರಲಿಲ್ಲ.

ಮರುದಿನ ಮಧ್ಯಾಹ್ನ ನಮ್ಮವರು ತಾವೇ ಬಂದು, "ಇವತ್ತೂ ಬಡೀತಿ ಏನು?" ಎಂದು ಕೇಳಿ ಎರಡು ರೊಟ್ಟಿ ಉಂಡರು. ಆಮೇಲೆ ಅತ್ತೆಯವರು ಎದ್ದು, ತುಳಸಿಗೆ ಸುತ್ತು ಹಾಕಿ ಬಂದು, ಎಲೆಯ ಮುಂದೆ ಕೂತರು. ನನ್ನ ನಕಾಶೆಯ ದೊಡ್ಡ ತುಂಡೊಂದನ್ನು ಬಡಿಸಿದೆ. ಅವರು ಕೊನೆಯ ಚೂರಿನವರೆಗೂ ಉಂಡರು. ಒಂದು ಒಳ್ಳೆಯ ಮಾತಾದರೂ ಬಂದೀತೆಂದು ನಾನು ಕಾಯುತ್ತಿದ್ದೆ.

"ಅಂಚು ಸುಟ್ಟದ," ಎಂದರು ಕೈತೊಳೆದು ಬಂದು. "ಹಿಟ್ಟು ಇನ್ನೊಂಚೂರು ಸಣ್ಣಗೆ ಬೀಸಬೇಕು. ಮತ್ತ ದೇವದುರ್ಗಕ್ಕ ನನ್ನ ತಮ್ಮಗ ಹೇಳಿಕಳಸಬೇಕು, ಬರೋ ವರ್ಷದ ಜೋಳ ನಮಗ ಈಗ ತೆಗೆದಿಡು ಅಂತ."

ಬರುವ ವರ್ಷ. ನಾನು ಹೂಂ ಎಂದು ಹೇಳಿ, ಒಲೆಯ ಕಡೆ ತಿರುಗಿ ಕಣ್ಣು ಒರೆಸಿಕೊಂಡೆ. ಹೊಗೆ ಎಂದು ಹೇಳುವ ಹಾಗೂ ಇರಲಿಲ್ಲ, ಒಲೆ ಆಗಲೇ ಆರಿತ್ತು.