ಕೀಲು ಸಡಿಲಾದ ಚಾಕು

ವರ್ಷಕ್ಕಾಗುವಷ್ಟು ತೊಗರಿಬೇಳೆಯನ್ನು ಬಿಸಿಲಿಗೆ ಹಾಕಿ, ಹರಳೆಣ್ಣೆ ಸವರಿ, ಡಬ್ಬಿಗೆ ತುಂಬುತ್ತಿದ್ದೆ. ಮೊಣಕೈವರೆಗೂ ಎಣ್ಣೆ. ಫೋನು ರಿಂಗಾಯಿತು. ಕೈ ಒರೆಸಿಕೊಳ್ಳುವಷ್ಟರಲ್ಲಿ ನಿಂತಿತು, ಮತ್ತೆ ರಿಂಗಾಯಿತು. ಅಮರಗೋಳದ ಮಾರುಕಟ್ಟೆಯಲ್ಲಿ ನಮ್ಮ ಮನೆಯವರು ಕೆಲಸಕ್ಕಿರುವ ದಲಾಲಿ ಅಂಗಡಿಯ ಹಮಾಲ.

“ಅಕ್ಕಾರ, ಗಾಬರಿ ಆಗಬ್ಯಾಡ್ರಿ. ಅಣ್ಣಾರ ಕೈಗೆ ಒಂಚೂರು ಚಾಕು ತಾಗೇತ್ರಿ.”

“ಒಂಚೂರು ಅಂದ್ರ ಎಷ್ಟಪಾ?”

ಅವನ ಹಿಂದಿನಿಂದ ಯಾರೋ “ಟವೆಲ್ ಬಿಗಿ ಹಿಡೀಲೇ, ಬಿಡಬ್ಯಾಡ” ಎಂದು ಕೂಗಿದ್ದು ಕೇಳಿಸಿತು.

“ಯಾವ ಕೈ?” ಎಂದೆ.

“ಎಡಗೈರಿ. ದವಾಖಾನಿಗೆ ಹೊಂಟೇವಿ, ಸೀದಾ ಅಲ್ಲೇ ಬರ್ರಿ.”

ಬೇರೆಯವರ ಮನೆಯಲ್ಲಾದರೆ ಎಡಗೈ ಎಂದ ಕೂಡಲೇ ಸ್ವಲ್ಪ ಉಸಿರಾಡಬಹುದಿತ್ತು. ನಮ್ಮವರು ಎಡಚರು. ಊಟವೊಂದನ್ನು ಅವರ ತಾಯಿ ಬೈದು ಬಡಿದು ಬಲಗೈಗೆ ರೂಢಿ ಮಾಡಿಸಿದ್ದರು. ಉಳಿದದ್ದೆಲ್ಲ ಎಡಗೈಯದೇ.

ಆ ಚಾಕು ಯಾವುದೆಂದು ನಾನು ಕೇಳಲಿಲ್ಲ. ಮದುವೆಯ ಮೊದಲೇ ಅವರು ದುರ್ಗದಬೈಲಿನ ಪೇಟೆಯಲ್ಲಿ ಕೊಂಡಿದ್ದ ಮಡಚುವ ಚಾಕು, ಹಿತ್ತಾಳೆ ತುದಿಯ ಕಟ್ಟಿಗೆ ಹಿಡಿಕೆ. ಹೊಸದರಲ್ಲಿ ತೆರೆದರೆ ಟಕ್ ಎಂದು ಸಪ್ಪಳ ಮಾಡಿ ನಿಲ್ಲುತ್ತಿತ್ತಂತೆ. ನಾನು ಬರುವ ಹೊತ್ತಿಗೇ ಆ ಸಪ್ಪಳ ಮೆತ್ತಗಾಗಿತ್ತು. ಮಾರುಕಟ್ಟೆಯಲ್ಲಿ ಅದಕ್ಕೆ ದಿನವಿಡೀ ಕೆಲಸ. ಚೀಲದ ಬಾಯಿಯ ಹೊಲಿಗೆ ಕೊಯ್ಯಬೇಕು, ಉಳ್ಳಾಗಡ್ಡಿಯನ್ನು ಎರಡು ಹೋಳು ಮಾಡಿ ಒಳಗೆ ಕೊಳೆತಿಲ್ಲ ಎಂದು ಖರೀದಿದಾರರಿಗೆ ತೋರಿಸಬೇಕು. ಮನೆಗೆ ಬಂದರೆ ನಾನೂ ಬಿಡುತ್ತಿರಲಿಲ್ಲ. ನಿಂಬೆಹಣ್ಣು ಕೊಯ್ದು ಒರೆಸದೆ ಇಟ್ಟರೆ ಬೆಳಗ್ಗೆ ಅಲಗು ಕಪ್ಪಾಗಿರುತ್ತಿತ್ತು. ಗೋಣಿಯ ಧೂಳು ಕೀಲಿನೊಳಗೆ ಹೊಕ್ಕು ಗಟ್ಟಿಯಾಗುತ್ತಿತ್ತು. ಕೊಬ್ಬರಿ ಎಣ್ಣೆ ಬಿಟ್ಟರೆ ಎರಡು ದಿನ ಸಲೀಸು, ಆಮೇಲೆ ಆ ಎಣ್ಣೆಗೇ ಧೂಳು ಮೆತ್ತಿಕೊಂಡು ಮೊದಲಿಗಿಂತ ಬಿಗಿ. ಡಬ್ಬಿಯ ಮುಚ್ಚಳ ಮೀಟಲು ಹೋಗಿ ಒಮ್ಮೆ ತುದಿ ಮುರಿಯಿತು. ಅದನ್ನೂ ಕಲ್ಲಿಗೆ ಉಜ್ಜಿ ಚೂಪು ಮಾಡಿಕೊಂಡರು. ಸಾಣೆ ಹಿಡಿದು ಹಿಡಿದು ಅಲಗು ಕಿರಿಬೆರಳಿನಷ್ಟಾಯಿತು. ಅಲಗು ಸವೆದರೂ ಅದು ಕೊಯ್ಯುತ್ತಿತ್ತು. ಕೆಟ್ಟದ್ದು ಕೀಲು. ಮೀಟಿ ಮೀಟಿ ಮೊಳೆಯ ತೂತು ಅಗಲವಾಗಿ, ತೆರೆದ ಚಾಕು ಅಲುಗಾಡುತ್ತಿತ್ತು. ಹಿಡಿಕೆಯ ಬೆನ್ನಿನಲ್ಲಿರುವ ಉಕ್ಕಿನ ಪಟ್ಟಿಗೆ ಅಲಗನ್ನು ತಡೆದು ಹಿಡಿಯುವ ಬಲ ಉಳಿದಿರಲಿಲ್ಲ.

ಅದನ್ನು ಕಂಡೇ ನಮ್ಮ ಮಗಳು ದೀಪಾವಳಿಗೆ ಬಂದಾಗ ಹೊಸದೊಂದು ತಂದಳು. ತೆರೆದರೆ ಒಳಗೊಂದು ಪಟ್ಟಿ ಅಡ್ಡ ಬಂದು ಕೂತುಬಿಡುತ್ತದೆ. ಅದನ್ನು ಸರಿಸದ ಹೊರತು ಅಲಗು ಮಡಚುವುದಿಲ್ಲ. ಅವರು ಎರಡು ಸಲ ತೆರೆದು ಮುಚ್ಚಿ ನೋಡಿದರು.

“ಛಲೋ ಐತವ್ವಾ,” ಎಂದು ಹೇಳಿ ದೇವರ ಜಗಲಿಯ ಮೇಲೆ ಇಟ್ಟರು.

“ಅಪ್ಪಾ, ಕಿಸೆದಾಗ ಇಟ್ಕೋ. ದೇವರಿಗೆ ತಂದಿಲ್ಲ ನಾ.”

“ಖಂಡೆಪೂಜಿ ಆಗಲಿ. ಪೂಜಿ ಆಗಲಾರದ ಅಲಗ ಕೆಲಸಕ್ಕ ಹಚ್ಚಬಾರದು.”

“ಖಂಡೆಪೂಜಿ ಈಗಷ್ಟ ಮುಗದೇತಿ! ಇನ್ನೊಂದು ಮಹಾನವಮಿ ತನಕ ಇದು ಇಲ್ಲೇ ಕುಂಡ್ರೋದಾ?”

“ನಿಮ್ಮಜ್ಜ ಹೊಸಾ ಕುಡಗೋಲ ಹಂಗ ಇಡತಿದ್ದ.”

“ನಮ್ಮಜ್ಜ ಬಸ್ಸಿಗೂ ಪೂಜಿ ಮಾಡಿಸಿ ಹತ್ತತಿದ್ದನೇನು?” ಎಂದಳು ಮಗಳು. ಎಲ್ಲರೂ ನಕ್ಕೆವು, ಅವರೂ ನಕ್ಕರು. ಹೊಸ ಚಾಕು ಜಗಲಿಯ ಮೇಲೇ, ಹಳೆಯದು ಅವರ ಕಿಸೆಯಲ್ಲೇ ಉಳಿಯಿತು. ಮಹಾನವಮಿಯಂದು ಕಬ್ಬಿಣದ ಸಾಮಾನುಗಳಿಗೆಲ್ಲ ಪೂಜೆ ಮಾಡಿ, ಆಮೇಲೆಯೇ ಹೊಸದನ್ನು ಕೈಗೆತ್ತಿಕೊಳ್ಳುವುದು ನಮ್ಮ ಅತ್ತೆಯವರ ಮನೆಯ ರೂಢಿ. ಅದು ತಪ್ಪೆಂದು ನನಗೆ ಆಗಲೂ ಅನಿಸಿರಲಿಲ್ಲ, ಈಗಲೂ ಹಾಗೆನ್ನಲು ಬಾಯಿ ಬರುವುದಿಲ್ಲ.

ದವಾಖಾನೆಯಲ್ಲಿ ಹಮಾಲ ನಡೆದದ್ದನ್ನು ಹೇಳಿದ. ಚೀಲದ ನೈಲಾನು ಹುರಿ ಬಿಗಿಯಾಗಿತ್ತು. ಹೊಲಿಗೆಯೊಳಗೆ ತುದಿ ಚುಚ್ಚಿ, ಅಲಗಿನ ಬೆನ್ನಿನಿಂದ ಮೇಲಕ್ಕೆ ಮೀಟಿದ್ದಾರೆ. ಅಲಗು ಹಿಂದಕ್ಕೆ ಮಡಚಿ, ಹಿಡಿಕೆಯನ್ನು ಸುತ್ತಿದ್ದ ಬೆರಳುಗಳ ಮೇಲೆಯೇ ಮುಚ್ಚಿಕೊಂಡಿದೆ. ಹೆಬ್ಬೆರಳು, ತೋರುಬೆರಳು ಉಳಿದವು, ಶಿವನ ದಯೆ. ಉಳಿದ ಮೂರು ಬೆರಳುಗಳಲ್ಲಿ ನರ ಎಂದು ನಾವೆಲ್ಲ ಕರೆಯುವ ಹುರಿಗಳು ತುಂಡಾಗಿದ್ದವು. ಡಾಕ್ಟರು ಹೊಲಿದರು. ಒಳ್ಳೆಯ ಮನುಷ್ಯ, ಸುಳ್ಳು ಧೈರ್ಯ ಹೇಳಲಿಲ್ಲ. “ನೋಡೂಣ್ರಿ” ಎಂದಷ್ಟೇ ಅಂದರು.

ನಮ್ಮಲ್ಲಿ ಲಿಂಗಪೂಜೆಯಾಗದೆ ಬಾಯಿಗೆ ಏನನ್ನೂ ಹಾಕಿಕೊಳ್ಳುವುದಿಲ್ಲ. ಕೊರಳಿನ ಕರಡಿಗೆಯಿಂದ ಲಿಂಗವನ್ನು ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡು, ಬಲಗೈಯಿಂದ ನೀರು, ವಿಭೂತಿ, ಪತ್ರಿ. ಒಬ್ಬರ ಲಿಂಗ ಇನ್ನೊಬ್ಬರ ಅಂಗೈಗೆ ಬರುವಂತಿಲ್ಲ, ಹೆಂಡತಿಯಾದರೂ ಅಷ್ಟೇ. ಕೈಗೆ ಕಟ್ಟು ಇರುವವರೆಗೆ ಅವರು ಕರಡಿಗೆಯನ್ನೇ ಕಣ್ಣಿಗೆ ಒತ್ತಿಕೊಂಡು ತಾಟಿನ ಮುಂದೆ ಕೂಡುತ್ತಿದ್ದರು. ಕಟ್ಟು ಬಿಚ್ಚಿದಾಗ ಮೂರು ಬೆರಳು ಅಂಗೈಯ ಕಡೆಗೆ ಬಾಗಿ ನಿಂತಿದ್ದವು. ಒಳಗೆ ಹುರಿಗಳು ಗಾಯಕ್ಕೆ ಅಂಟಿಕೊಂಡಿವೆ, ವ್ಯಾಯಾಮ ಮಾಡಿಸಿ ಬಿಡಿಸಬೇಕು ಎಂದರು ಡಾಕ್ಟರು.

ವಾರಕ್ಕೆರಡು ಸಲ ವ್ಯಾಯಾಮಕ್ಕೆಂದು ದವಾಖಾನೆಗೆ ಕರೆದುಕೊಂಡು ಹೋದೆ. ಮನೆಯಲ್ಲಿ ಬಿಸಿನೀರಿನಲ್ಲಿ ಕೈ ಅದ್ದಿಸಿ, ಒಂದೊಂದೇ ಬೆರಳನ್ನು ನಾನೇ ನೆಟ್ಟಗೆ ಎಳೆಯುತ್ತಿದ್ದೆ. ಅವರು ಹಲ್ಲು ಕಚ್ಚಿಕೊಂಡು ಗೋಡೆಯ ಕಡೆ ನೋಡುತ್ತಿದ್ದರು. ಬಿಟ್ಟ ಕೂಡಲೇ ಬೆರಳು ಮತ್ತೆ ಬಾಗಿ ತನ್ನ ಜಾಗಕ್ಕೆ ಹೋಗುತ್ತಿತ್ತು. ಮನೆಗೆ ಬಂದ ಮಠದ ಅಯ್ಯನವರು ಒಂದು ದಿನ, “ತಾಟಿನಾಗ ಇಟ್ಟ ಪೂಜಿ ಮಾಡ್ರಿ. ಶಿವ ಏನೂ ಅನ್ನಂಗಿಲ್ಲ,” ಎಂದರು.

“ಶಿವ ಅನ್ನಂಗಿಲ್ಲರಿ,” ಎಂದರು ನಮ್ಮವರು, “ನನ್ನ ಕೈ ಅಂತೇತಿ.”

ಮಹಾನವಮಿ ಬಂತು. ಈಳಿಗೆ, ಕತ್ತರಿಗಳ ಜೊತೆ ಹೊಸ ಚಾಕುವಿಗೂ ವಿಭೂತಿ ಹಚ್ಚಿ, ಹೂ ಏರಿಸಿದೆ. ಮರುದಿನ ಅದನ್ನು ಅವರ ಮುಂದೆ ಇಡಲು ಮನಸ್ಸಾಗಲಿಲ್ಲ; ಅಡುಗೆಮನೆಗೆ ಒಯ್ದೆ. ಈಗ ಅದರಲ್ಲಿ ಚವಳಿಕಾಯಿ ಹೆಚ್ಚುತ್ತೇನೆ. ಒಳ್ಳೆಯ ಚಾಕು. ಕೀಲು ಬಿಗಿಯಾಗಿದೆ, ತೊಳೆದು ಒರೆಸಿದರೆ ಕಪ್ಪಾಗುವುದಿಲ್ಲ. ಅಂಗಡಿಯವರು ಅವರನ್ನು ಕೆಲಸದಿಂದ ಬಿಡಿಸಿಲ್ಲ, ಅದೂ ಪುಣ್ಯವೇ. ಬಾಗಿಲ ಬಳಿ ಕುರ್ಚಿ ಹಾಕಿ ಕೂಡಿಸಿದ್ದಾರೆ, ಒಳಗೆ ಹೋಗುವ ಬರುವ ಚೀಲ ನೋಡಲು. ಉಳ್ಳಾಗಡ್ಡಿ ಕೊಯ್ದು ತೋರಿಸುವವರು ಬೇರೆ.

ಮಹಾನವಮಿ ಕಳೆದ ಮೇಲೆ ವ್ಯಾಯಾಮ ಮಾಡಿಸುವ ಹುಡುಗಿ ಅವರ ಕೈಯನ್ನು ಬಹಳ ಹೊತ್ತು ಹಿಡಿದುಕೊಂಡಿದ್ದು, ನನ್ನ ಕಡೆ ತಿರುಗಿದಳು. “ಇನ್ನ ಬರೋದು ಬ್ಯಾಡ್ರಿ ಆಂಟಿ. ಆಗೂದು ಇಷ್ಟರಿ.” ಡಾಕ್ಟರೂ ಅದನ್ನೇ ಹೇಳಿದರು, ಮತ್ತೆ ಕೊಯ್ದರೂ ಕೈ ತೆರೆದೀತೆಂದು ಹೇಳಲಾರೆ ಎಂದರು.

ಮರುದಿನ ಅವರು ಜಳಕ ಮಾಡಿ, ಚಾಪೆ ಹಾಸಿಕೊಂಡು, ಪೂಜೆಗೆ ಕೂತಿದ್ದ ನನ್ನ ಪಕ್ಕದಲ್ಲಿ ಕೂತರು. ಎಷ್ಟೋ ತಿಂಗಳ ಮೇಲೆ ಕರಡಿಗೆ ಬಿಚ್ಚಿದರು. ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟರು. ಅದು ಬಾಗಿದ ಬೆರಳಿಗೆ ಒರಗಿ ಓರೆಯಾಗಿ ನಿಂತಿತು. ಬಲಗೈಯಿಂದ ನೀರು ಹನಿಸಿದೊಡನೆ ಜಾರಿ ಮಡಿಲಿಗೆ ಬಿತ್ತು. ತೆಗೆದುಕೊಂಡು, ಒರೆಸಿ, ಮತ್ತೆ ಇಟ್ಟರು. ಈ ಸಲ ಬಲಗೈಯನ್ನು ಕೆಳಗೆ ಆಸರೆಯಾಗಿ ಕೊಟ್ಟರು. ಲಿಂಗ ನಿಂತಿತು, ನೀರು ಹಾಕಲು ಕೈ ಉಳಿಯಲಿಲ್ಲ. ಹಾಗೆಯೇ ಸ್ವಲ್ಪ ಹೊತ್ತು ನೋಡಿಕೊಂಡು ಕೂತರು. ಆಮೇಲೆ ಕರಡಿಗೆಯಲ್ಲಿಟ್ಟು, ದಾರವನ್ನು ಹಲ್ಲಿನಿಂದ ಎಳೆದು ಗಂಟು ಹಾಕಿಕೊಂಡರು.

“ನೀ ಮುಗಿಸಿ ಏಳ,” ಎಂದರು. “ನಂದು ಇಷ್ಟ.”

ನನ್ನ ಲಿಂಗ ನನ್ನ ಅಂಗೈಯಲ್ಲಿ ನೆಟ್ಟಗೆ ಕೂತಿತ್ತು. ದಿನಾ ನಾನು ಶಿವನಿಗೆ ಅವನು ಕೊಟ್ಟದ್ದನ್ನು ಒಂದೊಂದಾಗಿ ಹೇಳಿ ಕೈಮುಗಿಯುವವಳು. ಹೆಬ್ಬೆರಳು, ಊಟದ ಕೈ, ಅಂಗಡಿಯ ಕುರ್ಚಿ. ಆ ದಿನ ಅವರ ಪಕ್ಕದಲ್ಲಿ ಕೂತು ಅದನ್ನೆಲ್ಲ ಹೇಳಲು ನಾಲಿಗೆ ಏಳಲಿಲ್ಲ. ಏನನ್ನೂ ಕೇಳಲೂ ಇಲ್ಲ. ಪತ್ರಿ ಏರಿಸಿ ಮುಗಿಸಿದೆ.

ಅಷ್ಟರಲ್ಲಿ ಓಣಿಯಲ್ಲಿ “ನಳಾ ಬಂತ್ರೆವಾ, ಲಗೂ ಬರ್ರಿ” ಎಂದು ಕೂಗಿದರು. ವಾರದ ಮೇಲೆ ಬಂದ ನೀರು. ಸೆರಗು ಕಟ್ಟಿಕೊಂಡು ಹಿತ್ತಲಿಗೆ ಹೋಗಿ, ನಳಕ್ಕೆ ಪೈಪು ಸಿಕ್ಕಿಸಿ ಬ್ಯಾರಲ್ಲಿಗೆ ಬಿಟ್ಟೆ. ಅದು ತುಂಬುವಷ್ಟರಲ್ಲಿ ಕೊಡಗಳನ್ನು ತಿಕ್ಕಬೇಕಿತ್ತು, ಹುಣಸೆಹಣ್ಣು ತೆಗೆದುಕೊಂಡು ಕೂತೆ.